ನೆಮ್ಮದಿ ಕೆಡಿಸುವ ನಿರೀಕ್ಷೆ

ಕ್ರೈಸ್ತರ ಸಮಾಧಿ ಸ್ಥಳಕ್ಕೆ ಒಮ್ಮೆಯಾದರೂ ಹೋದವರು ಅಲ್ಲಿನ ಕಲ್ಲುಗಳ ಮೇಲಿನ ಬರಹ ಓದಿರುತ್ತೀರಿ. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ, ಅನೇಕ ಕಡೆ ಅದರ ಕೆಳಗೆ ಪುನರುತ್ಥಾನದ ನಿರೀಕ್ಷೆಯನ್ನು ಹೇಳುವ ಒಂದು ಸಾಲು. ಅದನ್ನು ನೋಡಿದವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಕ್ರೈಸ್ತರು ನಿರೀಕ್ಷೆ ಅನ್ನುವುದು ಸತ್ತ ಮೇಲಿನ ಸಂಗತಿಗೆ. ಬದುಕಿರುವವರಿಗೆ ಅದು ದುಃಖ ತಡೆದುಕೊಳ್ಳಲು ಒಂದು ಆಸರೆ, ಅಷ್ಟೇ. ಹೊರಗಿನವರಷ್ಟೇ ಅಲ್ಲ, ಭಾನುವಾರ ತಪ್ಪದೆ ಆರಾಧನೆಗೆ ಹೋಗುವ ಎಷ್ಟೋ ಮಂದಿಯೂ ಹೀಗೇ ತಿಳಿದಿದ್ದಾರೆ. ಈ ವಿಷಯಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಮಾತು ಇದು: ಕಳೆದ ಅರವತ್ತು ವರ್ಷಗಳಲ್ಲಿ ಕ್ರೈಸ್ತ ದೈವಶಾಸ್ತ್ರ ಅತಿ ಹೆಚ್ಚು ಜಗಳವಾಡಿರುವುದು ಈ ತಿಳಿವಳಿಕೆಯ ಜೊತೆಗೇ. ಆ ಜಗಳ ಹೇಗೆ ಶುರುವಾಯಿತು, ಎಲ್ಲೆಲ್ಲಿಗೆ ಹೋಯಿತು ಎಂಬುದು ಗೊತ್ತಾದರೆ ಉಳಿದ ಓದು ಸಲೀಸು.

ದೈವಶಾಸ್ತ್ರದ ಹಳೆಯ ಪಠ್ಯಪುಸ್ತಕಗಳಿಗೆ ಒಂದು ಕ್ರಮವಿತ್ತು. ದೇವರು, ಸೃಷ್ಟಿ, ಪಾಪ, ಕ್ರಿಸ್ತ, ಸಭೆ, ಸಂಸ್ಕಾರಗಳು, ಕಟ್ಟಕಡೆಗೆ 'ಅಂತ್ಯದ ಸಂಗತಿಗಳು' ಎಂಬ ಅಧ್ಯಾಯ. ಮರಣ, ನ್ಯಾಯತೀರ್ಪು, ಸ್ವರ್ಗ, ನರಕ ಎಲ್ಲ ಅದರಲ್ಲಿ. ಇದಕ್ಕೆ ಅಂತ್ಯಶಾಸ್ತ್ರ ಎಂದು ಹೆಸರು. ಪುಸ್ತಕದ ಕೊನೆಯ ಅಧ್ಯಾಯಕ್ಕೆ ಆಗುವ ಗತಿ ನಿಮಗೆ ಗೊತ್ತೇ ಇದೆ. ವರ್ಷ ಮುಗಿಯುತ್ತ ಬಂದಿರುತ್ತದೆ, ಕಲಿಸುವವರೂ ಕಲಿಯುವವರೂ ದಣಿದಿರುತ್ತಾರೆ, ಪರೀಕ್ಷೆಗೆ ಒಂದು ಪ್ರಶ್ನೆ ಬಂದರೆ ಬಂತು. ನಿರೀಕ್ಷೆ ಶತಮಾನಗಳ ಕಾಲ ಕೂತಿದ್ದು ಅಲ್ಲಿ. ಹಾಗೆ ಬಿಟ್ಟ ಜಾಗವನ್ನು ಬೇರೆಯವರು ಹಿಡಿದುಕೊಂಡರು. ಪ್ರಕಟನೆ ಗ್ರಂಥದ ಅಂಕಿಗಳನ್ನು ಕೂಡಿ ಕಳೆದು ಲೋಕಾಂತ್ಯದ ತಾರೀಕು ಹೇಳುವವರಿಗೆ ಯಾವ ಕಾಲದಲ್ಲೂ ಬರ ಬಂದಿಲ್ಲ.

ಬೈಬಲಿನಲ್ಲಿ ಮಾತ್ರ ಕ್ರಮ ಬೇರೆ. ಅಬ್ರಹಾಮನ ಕಥೆ ಶುರುವಾಗುವುದೇ ಒಂದು ವಾಗ್ದಾನದಿಂದ. ಮನೆಮಠ ಬಿಟ್ಟು, ಇನ್ನೂ ಕಾಣದ ಒಂದು ನಾಡಿನ ಕಡೆಗೆ ಹೊರಡಬೇಕು. ಐಗುಪ್ತದಲ್ಲಿ ಗುಲಾಮರಾಗಿದ್ದವರು ಬಿಡುಗಡೆಯ ವಾಗ್ದಾನ ನಂಬಿ ಮರುಭೂಮಿಗೆ ಇಳಿಯುತ್ತಾರೆ. ಪ್ರವಾದಿಗಳು ಸೆರೆಹೋದ ಜನಕ್ಕೆ ಮರಳುವ ದಾರಿಯ ಮಾತಾಡುತ್ತಾರೆ. ಯೇಸು ಸಾರಿದ್ದು ದೇವರ ರಾಜ್ಯ ಹತ್ತಿರ ಬಂದಿದೆ ಎಂದು. ಅಪೊಸ್ತಲ ಪೌಲನಿಗೆ ಯೇಸುವಿನ ಪುನರುತ್ಥಾನ ಒಬ್ಬ ಮನುಷ್ಯನ ಪವಾಡವಾಗಿ ನಿಲ್ಲುವುದಿಲ್ಲ, ಮುಂದೆ ಎಲ್ಲರಿಗೂ ಆಗಬೇಕಾದುದರ ಮೊದಲ ಫಲ ಅದು. ಇಡೀ ಗ್ರಂಥ ಮುಂದಕ್ಕೆ ಬಾಗಿಕೊಂಡಿದೆ. ಗ್ರೀಕ್ ಚಿಂತನೆಯಿಂದ ಬಂದ ಆತ್ಮದ ಅಮರತ್ವದ ಕಲ್ಪನೆ ಗಟ್ಟಿಯಾದ ಮೇಲೆ, ಸಾಮ್ರಾಜ್ಯವೇ ಕ್ರೈಸ್ತವಾದ ಮೇಲೆ ಈ ಬಾಗು ನೆಟ್ಟಗಾಯಿತು. ಆಳುವವರಿಗೆ ಲೋಕ ಬದಲಾಗಬೇಕೆಂಬ ಅವಸರ ಇರುವುದಿಲ್ಲವಲ್ಲ.

ನಮ್ಮ ಕಡೆಯ ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳುವುದುಂಟು, ಅದು ನ್ಯಾಯವಾದ ಪ್ರಶ್ನೆ. ಆಸೆಯೇ ದುಃಖಕ್ಕೆ ಮೂಲ ಎಂದು ಕೇಳಿಕೊಂಡು ಬೆಳೆದವರು ನಾವು. ನೀವು ಆಸೆಯನ್ನೇ ಒಂದು ಸದ್ಗುಣ ಮಾಡಿದ್ದೀರಲ್ಲ? ಉತ್ತರ ಹೀಗೆ. ಆಸೆ ನನ್ನಲ್ಲಿ ಹುಟ್ಟುತ್ತದೆ, ನನ್ನ ಕೊರತೆಯ ಅಳತೆಗೆ ತಕ್ಕಂತೆ ಬೆಳೆಯುತ್ತದೆ. ಬೈಬಲಿನ ನಿರೀಕ್ಷೆ ಹುಟ್ಟುವುದು ಇನ್ನೊಬ್ಬರು ಕೊಟ್ಟ ಮಾತಿನಿಂದ. ಆದ್ದರಿಂದಲೇ ಆ ಮಾತು ಕೊಟ್ಟವನನ್ನು ಅಡ್ಡಗಟ್ಟಿ ಕೇಳಬಹುದು, ಎಲ್ಲಿ ನಿನ್ನ ವಾಗ್ದಾನ ಎಂದು. ಕೀರ್ತನೆಗಳ ಗ್ರಂಥದಲ್ಲಿ ದೂರು ಎಷ್ಟಿದೆ ನೋಡಿ. ದೇವರ ಜೊತೆ ಜಗಳ ಕಾಯುವ ಈ ಸಲಿಗೆ ಇಲ್ಲದಿದ್ದರೆ ಇಪ್ಪತ್ತನೆಯ ಶತಮಾನದ ದೈವಶಾಸ್ತ್ರ ಹುಟ್ಟುತ್ತಲೇ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸರಿಗೆ ದೇವರ ರಾಜ್ಯ ಎಂದರೆ ನೈತಿಕ ಪ್ರಗತಿ. ಶಾಲೆ, ವಿಜ್ಞಾನ, ಒಳ್ಳೆಯ ನಡತೆ ಹೆಚ್ಚುತ್ತ ಹೋದಂತೆ ಆ ರಾಜ್ಯ ಭೂಮಿಯ ಮೇಲೆ ತಾನಾಗಿ ಬೆಳೆಯುತ್ತದೆ ಎಂದು ಆಲ್ಬ್ರೆಖ್ಟ್ ರಿಚಲ್ ಅವರ ಪಂಥ ನಂಬಿತ್ತು. 1892ರಲ್ಲಿ ಯೋಹಾನಸ್ ವೈಸ್ ಒಂದು ಚಿಕ್ಕ ಪುಸ್ತಕ ಬರೆದು, ಯೇಸು ಹೇಳಿದ್ದು ಅದನ್ನಲ್ಲ, ದೇವರು ಲೋಕದೊಳಕ್ಕೆ ನುಗ್ಗಿ ಬರುವ ದಿನವನ್ನು ಎಂದು ತೋರಿಸಿದರು. ವೈಸ್ ಬೇರೆ ಯಾರೂ ಅಲ್ಲ, ರಿಚಲ್ ಅವರ ಅಳಿಯ. 1906ರಲ್ಲಿ ಆಲ್ಬರ್ಟ್ ಶ್ವೈಟ್ಜರ್ ಅದನ್ನೇ ಇನ್ನೂ ಜೋರಾಗಿ ಹೇಳಿದರು. ಆಫ್ರಿಕಾದ ಲಾಂಬರೆನೆಯಲ್ಲಿ ಆಸ್ಪತ್ರೆ ಕಟ್ಟಿದ ಡಾಕ್ಟರ್ ಶ್ವೈಟ್ಜರ್ ಇವರೇ. ಇಬ್ಬರೂ ನಿಜ ಕಂಡರು, ಆದರೆ ಕಂಡದ್ದನ್ನು ಏನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಯೇಸು ಅಂತ್ಯ ಹತ್ತಿರವಿದೆಯೆಂದು ನಂಬಿದ್ದ, ಅದು ಬರಲಿಲ್ಲ, ಇನ್ನು ನಾವು ಉಳಿಸಿಕೊಳ್ಳಬಹುದಾದದ್ದು ಆತನ ನೀತಿಯನ್ನು ಎಂಬಲ್ಲಿಗೆ ಮಾತು ನಿಂತಿತು. 1914ರ ಯುದ್ಧ ಪ್ರಗತಿಯ ಕನಸನ್ನೂ ಮುಗಿಸಿತು. ತಮ್ಮ ಗುರುಗಳೇ ಜರ್ಮನ್ ಯುದ್ಧವನ್ನು ಸಮರ್ಥಿಸಿ ಸಹಿ ಹಾಕಿದ್ದನ್ನು ಕಂಡು ಬೆಚ್ಚಿದ ಕಾರ್ಲ್ ಬಾರ್ತ್, ರೋಮಾಪುರದವರಿಗೆ ಬರೆದ ಪತ್ರಿಕೆಯ ವ್ಯಾಖ್ಯಾನದಲ್ಲಿ ಅಂತ್ಯವನ್ನು ಮತ್ತೆ ನಡುಮನೆಗೆ ತಂದರು. ಆದರೆ ಅವರ 'ಅಂತ್ಯ' ನಾಳೆ ಬರುವಂಥದ್ದಾಗಿರಲಿಲ್ಲ. ಪ್ರತಿ ಕ್ಷಣದ ಮೇಲೂ ನೆಟ್ಟಗೆ ಬಂದಿಳಿಯುವ ನಿತ್ಯತೆ ಅದು. ಹೊಲ ಗದ್ದೆ, ಕೂಲಿ, ಯುದ್ಧ ಇವುಗಳಿಗೆ ಒಂದು ಭವಿಷ್ಯ ಇದೆಯೇ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಆ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಖ್ಯರಾದವರು ಯೂರ್ಗೆನ್ ಮೋಲ್ಟ್‌ಮನ್. ಅವರ ಬದುಕನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಬಿಟ್ಟು ಅವರ ಪುಸ್ತಕ ಓದಿದರೆ ನಿರೀಕ್ಷೆ ಎಂಬುದು ಹೊಟ್ಟೆ ತುಂಬಿದವರ ತತ್ವದಂತೆ ಕಾಣುತ್ತದೆ.

ಮೋಲ್ಟ್‌ಮನ್ 1926ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಹುಟ್ಟಿದರು. ಮನೆಯಲ್ಲಿ ಧರ್ಮದ ಗಾಳಿ ಹೆಚ್ಚಿರಲಿಲ್ಲ. ಗಣಿತ, ಭೌತಶಾಸ್ತ್ರ ಓದಬೇಕೆಂಬುದು ಹುಡುಗನ ಬಯಕೆ. 1943ರ ಜುಲೈ ಕೊನೆಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಹ್ಯಾಂಬರ್ಗಿನ ಮೇಲೆ ದಿನಗಟ್ಟಲೆ ಬಾಂಬು ಸುರಿದವು. ಎದ್ದ ಬೆಂಕಿಯ ಬಿರುಗಾಳಿಯಲ್ಲಿ 30,000ಕ್ಕೂ ಹೆಚ್ಚು ಜನ ಸತ್ತರು. 17 ವರ್ಷದ ಮೋಲ್ಟ್‌ಮನ್ ಆಗ ಶಾಲೆಯಿಂದಲೇ ಎಳೆದೊಯ್ದು ವಿಮಾನ ಹೊಡೆಯುವ ಫಿರಂಗಿಯ ಪಕ್ಕ ನಿಲ್ಲಿಸಿದ ಹುಡುಗರಲ್ಲಿ ಒಬ್ಬ. ಪಕ್ಕದಲ್ಲೇ ನಿಂತಿದ್ದ ಗೆಳೆಯ ಬಾಂಬಿಗೆ ಛಿದ್ರವಾದ. ಇವರಿಗೆ ಏನೂ ಆಗಲಿಲ್ಲ. ಅಂದು ರಾತ್ರಿ ಜೀವನದಲ್ಲಿ ಮೊದಲ ಸಲ ದೇವರನ್ನು ಕೂಗಿದೆ ಎಂದು ಅವರು ಮುಂದೆ ಅನೇಕ ಕಡೆ ಬರೆದಿದ್ದಾರೆ. ದೇವರು ಇದ್ದಾನೆಯೇ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ. ದೇವರು ಎಲ್ಲಿದ್ದಾನೆ, ಸತ್ತವರ ನಡುವೆ ನಾನೇಕೆ ಸಾಯಲಿಲ್ಲ ಎಂಬುದಾಗಿತ್ತು.

1945ರಲ್ಲಿ ಬ್ರಿಟಿಷರ ಕೈಗೆ ಸೆರೆ ಸಿಕ್ಕಿ ಮೂರು ವರ್ಷ ಯುದ್ಧಕೈದಿ. ಬೆಲ್ಜಿಯಂ, ಆಮೇಲೆ ಸ್ಕಾಟ್‌ಲೆಂಡಿನ ಕಿಲ್ಮಾರ್ನಾಕ್, ಆಮೇಲೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ತಿರದ ನಾರ್ಟನ್ ಶಿಬಿರ. ಸ್ಕಾಟ್‌ಲೆಂಡಿನ ಶಿಬಿರದ ಗುಡಿಸಲಿನಲ್ಲಿ ಒಂದು ದಿನ ಬೆಲ್ಸನ್, ಬೂಖನ್‌ವಾಲ್ಡ್ ಯಾತನಾ ಶಿಬಿರಗಳ ಚಿತ್ರಗಳನ್ನು ತಂದು ಗೋಡೆಗೆ ಹಚ್ಚಿದರು. ತಮ್ಮ ದೇಶ ಯೆಹೂದ್ಯರಿಗೆ ಏನು ಮಾಡಿತು, ತಾವು ಯಾರ ಪರವಾಗಿ ಹೋರಾಡಿದೆವು ಎಂಬುದು ಆ ಹುಡುಗರಿಗೆ ಕಣ್ಣೆದುರು ನಿಂತಿತು. ಕೆಲವರು ಅಲ್ಲಿಂದ ಮೇಲೇಳಲೇ ಇಲ್ಲ. ಮೋಲ್ಟ್‌ಮನ್ ಕೈಗೆ ಸೈನ್ಯದ ಪಾದ್ರಿಯೊಬ್ಬರು ಕೊಟ್ಟ ಬೈಬಲ್ ಬಂದದ್ದು ಸೆರೆಯ ಈ ದಿನಗಳಲ್ಲಿ. ಅದಕ್ಕಿಂತ ಒಂದೆರಡು ಸಿಗರೇಟು ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಕೈದಿಗಳಿಗೆ ಅನ್ನಿಸಿತ್ತಂತೆ. ಆದರೂ ಓದಿದರು. 39ನೆಯ ಕೀರ್ತನೆಯ ದುಃಖದಲ್ಲಿ ತಮ್ಮ ದುಃಖ ಕಂಡರು. ಮಾರ್ಕನ ಸುವಾರ್ತೆಯಲ್ಲಿ, ಶಿಲುಬೆಯ ಮೇಲೆ ಯೇಸು ದೇವರೇ ನನ್ನನ್ನು ಯಾಕೆ ಕೈಬಿಟ್ಟೆ ಎಂದು ಕೂಗುವ ಜಾಗಕ್ಕೆ ಬಂದಾಗ, ನನ್ನನ್ನು ಪೂರ್ತಿ ಅರ್ಥ ಮಾಡಿಕೊಳ್ಳಬಲ್ಲವನು ಒಬ್ಬನಿದ್ದಾನೆ ಎಂದು ಅವರಿಗೆ ಅನ್ನಿಸಿತು.

ಇನ್ನೊಂದು ಘಟನೆ 1947ರದು. ಇಂಗ್ಲೆಂಡಿನ ಸ್ವಾನ್‌ವಿಕ್‌ನಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಕೆಲವು ಜರ್ಮನ್ ಕೈದಿಗಳನ್ನೂ ಕರೆದಿದ್ದರು. ಅಲ್ಲಿ ಡಚ್ ವಿದ್ಯಾರ್ಥಿಗಳ ಒಂದು ಗುಂಪು ಇವರನ್ನು ಕಂಡು ಮಾತಾಡಬೇಕು ಎಂದು ಬಂತು. ಹೆದರಿಕೊಂಡೇ ಹೋದರು. ಡಚ್ ಹುಡುಗರು ತಮ್ಮ ಮನೆಯವರನ್ನು, ಗೆಳೆಯರನ್ನು ಜರ್ಮನರು ಏನು ಮಾಡಿದರು ಎಂದು ಒಂದನ್ನೂ ಮುಚ್ಚದೆ ಹೇಳಿದರು. ಆಮೇಲೆ, ಕ್ರಿಸ್ತನ ಸಲುವಾಗಿ ನಿಮ್ಮ ಕಡೆಗೆ ಕೈ ಚಾಚಲು ಬಂದಿದ್ದೇವೆ, ಆತ ಇಲ್ಲದಿದ್ದರೆ ನಮ್ಮಿಂದ ಇದು ಆಗುತ್ತಿರಲಿಲ್ಲ ಎಂಬ ಅರ್ಥದ ಮಾತಾಡಿದರು. ಮೋಲ್ಟ್‌ಮನ್ ಅವರ ನಿರೀಕ್ಷೆಯ ಚಿಂತನೆಗೆ ಬೇರು ಎಲ್ಲಿ ಎಂದು ಕೇಳಿದರೆ ನಾನು ಯಾವ ತತ್ವಗ್ರಂಥವನ್ನೂ ತೋರಿಸುವುದಿಲ್ಲ, ಈ ಕೋಣೆಯನ್ನು ತೋರಿಸುತ್ತೇನೆ. ಆದದ್ದನ್ನು ಆಗಲಿಲ್ಲ ಎನ್ನಲಾಗದು. ಆದರೆ ಆದದ್ದೇ ಕೊನೆಯ ಮಾತಾಗಬೇಕಿಲ್ಲ.

1948ರಲ್ಲಿ ಊರಿಗೆ ಮರಳಿ ದೈವಶಾಸ್ತ್ರ ಓದಿದರು. 1952ರಲ್ಲಿ ಎಲಿಜಬೆತ್ ವೆಂಡೆಲ್ ಅವರನ್ನು ಮದುವೆಯಾದರು; ಆಕೆಯೂ ಸ್ತ್ರೀವಾದಿ ದೈವಶಾಸ್ತ್ರದಲ್ಲಿ ದೊಡ್ಡ ಹೆಸರು. ಬ್ರೆಮೆನ್ ಹತ್ತಿರದ ಒಂದು ಹಳ್ಳಿಯ ಸಭೆಗೆ ಐದು ವರ್ಷ ಸಭಾಪಾಲಕರಾಗಿದ್ದು ಆಮೇಲೆ ಅಧ್ಯಾಪಕರಾದರು. 1960ರಲ್ಲಿ ಸ್ವಿಟ್ಜರ್‌ಲೆಂಡಿಗೆ ರಜೆಗೆ ಹೋದಾಗ ಎರ್ನ್ಸ್ಟ್ ಬ್ಲಾಖ್ ಅವರ 'ನಿರೀಕ್ಷೆಯ ತತ್ವ' ಎಂಬ ದಪ್ಪ ಗ್ರಂಥ ಜೊತೆಗಿತ್ತು. ಓದುತ್ತ ಕೂತವರಿಗೆ ಸುತ್ತಲಿನ ಬೆಟ್ಟಗಳ ಚೆಲುವು ಕಾಣಲೇ ಇಲ್ಲವಂತೆ.

ಬ್ಲಾಖ್ ಯೆಹೂದಿ ಮನೆತನದವರು, ಮಾರ್ಕ್ಸ್‌ವಾದಿ, ನಾಸ್ತಿಕರು. ಹಿಟ್ಲರನಿಂದ ತಪ್ಪಿಸಿಕೊಂಡು ಅಮೆರಿಕದಲ್ಲಿದ್ದಾಗ ಆ ಗ್ರಂಥ ಬರೆದರು. ಮನುಷ್ಯನ ಹಗಲುಗನಸು, ಅಜ್ಜಿಕಥೆ, ಸಂಗೀತ, ಕ್ರಾಂತಿ, ಧರ್ಮ ಎಲ್ಲದರಲ್ಲೂ 'ಇನ್ನೂ ಆಗದಿರುವುದು' ಒಂದು ಮಿಡಿಯುತ್ತಿದೆ ಎಂಬುದು ಅವರ ವಾದ. ಐಗುಪ್ತದಿಂದ ಹೊರಟ ಗುಲಾಮರ ದೇವರಲ್ಲಿ, ಪ್ರವಾದಿಗಳ ಸಿಟ್ಟಿನಲ್ಲಿ ಅವರಿಗೆ ಆ ಮಿಡಿತ ತುಂಬ ಸ್ಪಷ್ಟವಾಗಿ ಕೇಳಿಸಿತು. ಮೋಲ್ಟ್‌ಮನ್‌ಗೆ ತಲೆ ಕೆಟ್ಟಿತು. ದೇವರನ್ನೇ ಒಪ್ಪದವರೊಬ್ಬರು ಬೈಬಲಿನ ನಿರೀಕ್ಷೆಯನ್ನು ಇಷ್ಟು ಚೆನ್ನಾಗಿ ಕಂಡಿರುವಾಗ, ಅದರ ವಾರಸುದಾರರು ಅದನ್ನು ಎಲ್ಲಿ ಕಳೆದುಕೊಂಡರು? 1964ರಲ್ಲಿ 'ನಿರೀಕ್ಷೆಯ ದೈವಶಾಸ್ತ್ರ' ಹೊರಬಂತು. ಇದು ಬ್ಲಾಖ್ ಅವರಿಗೆ ಕೊಟ್ಟ ದೀಕ್ಷಾಸ್ನಾನವಷ್ಟೇ ಅಲ್ಲವೇ ಎಂದು ವೃದ್ಧ ಕಾರ್ಲ್ ಬಾರ್ತ್ ಪತ್ರ ಬರೆದು ಅನುಮಾನಪಟ್ಟರು. ಅನುಮಾನ ಪೂರ್ತಿ ಸರಿಯಲ್ಲ. ಬ್ಲಾಖ್ ಅವರ ಲೋಕದಲ್ಲಿ ಸಾವಿಗೆ ಮದ್ದಿಲ್ಲ. ಮೋಲ್ಟ್‌ಮನ್ ಅವರ ಪುಸ್ತಕ ನಿಂತಿರುವುದೇ ಸತ್ತವನೊಬ್ಬ ಎದ್ದ ಎಂಬ ಸುದ್ದಿಯ ಮೇಲೆ.

ಪುಸ್ತಕದ ವಾದವನ್ನು ಬಿಡಿಸಿ ಹೇಳುತ್ತೇನೆ, ಇಲ್ಲಿ ಸ್ವಲ್ಪ ಗಮನ ಬೇಕು. ಅಂತ್ಯಶಾಸ್ತ್ರ ಕೊನೆಯ ಅಧ್ಯಾಯವಾಗಬಾರದು, ಇಡೀ ನಂಬಿಕೆಯ ಶ್ರುತಿ ಅದೇ ಆಗಬೇಕು ಎಂಬುದು ಮೊದಲನೆಯದು. ಶಿಲುಬೆ ಮತ್ತು ಪುನರುತ್ಥಾನ ಒಂದಕ್ಕೊಂದು ವಿರೋಧವಾಗಿ ನಿಂತಿವೆ ಎಂಬುದು ಅದರ ತಿರುಳು. ಲೋಕ ಯೇಸುವನ್ನು ಕೊಂದಿತು, ದೇವರು ಆ ತೀರ್ಪನ್ನು ತಿರುಗಿಸಿದ. ಹಾಗಿದ್ದರೆ ಪುನರುತ್ಥಾನ ನಂಬುವವನು ಲೋಕದ ತೀರ್ಪುಗಳನ್ನು ಇದ್ದ ಹಾಗೇ ಒಪ್ಪಿಕೊಂಡು ಕೂರಲಾರ. ನಾಳೆ ಹೇಗಿರಬೇಕೆಂದು ಗೊತ್ತಿರುವುದರಿಂದಲೇ ಇವತ್ತಿನ ಅನ್ಯಾಯ ಅವನಿಗೆ ಇನ್ನಷ್ಟು ಚುಚ್ಚುತ್ತದೆ. ನಿರೀಕ್ಷೆ ಮನುಷ್ಯನನ್ನು ಸಮಾಧಾನ ಮಾಡುವ ಮೊದಲು ಅಸಮಾಧಾನಗೊಳಿಸುತ್ತದೆ. ಧರ್ಮ ಜನರ ಅಫೀಮು ಎಂದ ಮಾರ್ಕ್ಸ್‌ಗೆ ಕ್ರೈಸ್ತ ಕಡೆಯಿಂದ ಬಂದ ಉತ್ತರಗಳಲ್ಲಿ ನನಗೆ ಇದಕ್ಕಿಂತ ಪ್ರಾಮಾಣಿಕವಾದದ್ದು ಕಂಡಿಲ್ಲ. ಮಾರ್ಕ್ಸ್ ಹೇಳಿದ್ದು ಸುಳ್ಳು ಎನ್ನದೆ, ನಮ್ಮಲ್ಲಿದ್ದ ಮದ್ದು ಬೇರೆ, ನಾವು ಹಂಚಿದ್ದು ಬೇರೆ ಎಂದು ಅದು ಒಪ್ಪಿಕೊಳ್ಳುತ್ತದೆ.

ಪಾಪದ ಬಗ್ಗೆ ಹಾಗಾದರೆ ಏನು? ಮಧ್ಯಯುಗದ ಥಾಮಸ್ ಅಕ್ವಿನಾಸ್ ನಿರೀಕ್ಷೆಗೆ ಎರಡು ಶತ್ರುಗಳನ್ನು ಗುರುತಿಸಿದ್ದರು. ಒಂದು ಹತಾಶೆ, ಇನ್ನು ಏನೂ ಆಗದು ಎಂಬುದು. ಇನ್ನೊಂದು ಅತಿವಿಶ್ವಾಸ, ಎಲ್ಲ ಆಗಿಯೇ ಹೋಗಿದೆ, ನಮ್ಮ ಕೈಯಲ್ಲೇ ಇದೆ ಎಂಬುದು. ದಾರಿಯಲ್ಲಿ ಇರುವುದನ್ನು ಎರಡೂ ಸಹಿಸಲಾರವು. ಮೋಲ್ಟ್‌ಮನ್ ಈ ಹಳೆಯ ಪಾಠವನ್ನು ಮತ್ತೆ ಎತ್ತಿಕೊಂಡರು. ಪಾಪ ಎಂದರೆ ದೇವರಂತಾಗಲು ಹೊರಟ ಅಹಂಕಾರ ಎಂದು ಪ್ರವಚನಗಳಲ್ಲಿ ಕೇಳಿದ್ದೇವೆ. ಬಡವನೊಬ್ಬ ಎದ್ದು ನಿಲ್ಲುವ ಆಸೆಯನ್ನೇ ಬಿಟ್ಟುಕೊಡುವುದು, ಆತ ಬಿಟ್ಟುಕೊಡುವಂತೆ ಮಾಡುವುದು ಕೂಡ ಪಾಪ ಎಂದು ಕೇಳಿದ್ದು ಕಡಿಮೆ.

ಆಶಾವಾದಕ್ಕೂ ಇದಕ್ಕೂ ವ್ಯತ್ಯಾಸವೇನು ಎಂದು ಎಲ್ಲರೂ ಕೇಳುತ್ತಾರೆ. ಮೋಲ್ಟ್‌ಮನ್ ಎರಡು ಬಗೆಯ ಭವಿಷ್ಯಗಳನ್ನು ಬೇರೆ ಮಾಡುತ್ತಾರೆ. ಒಂದು, ಈಗ ಇರುವುದರಿಂದಲೇ ಬೆಳೆದು ಬರುವಂಥದ್ದು. ಲೆಕ್ಕ ಹಾಕಿ ಅದನ್ನು ಹೇಳಬಹುದು. ಆಶಾವಾದಿಗೂ ನಿರಾಶಾವಾದಿಗೂ ಜಗಳ ಆ ಲೆಕ್ಕದ ಮೇಲೆ. ಇನ್ನೊಂದು, ಆಚೆಯಿಂದ ನಮ್ಮ ಕಡೆಗೆ ಬರುವಂಥದ್ದು, ಕ್ರೈಸ್ತರು ಕರ್ತನ ಬರೋಣ ಎನ್ನುವುದು ಇದನ್ನು. ಬಯಲುಸೀಮೆಯ ರೈತನನ್ನು ನೆನೆಯಿರಿ. ಮಳೆ ತರಿಸುವುದು ಅವನ ಕೈಯಲ್ಲಿಲ್ಲ, ಮಣ್ಣನ್ನು ಎಷ್ಟು ಕೆದಕಿದರೂ ಮಳೆ ಅದರಿಂದ ಹುಟ್ಟುವುದಿಲ್ಲ. ಆದರೂ ಯುಗಾದಿ ಕಳೆದ ಮೇಲೆ ಅವನು ಹೊಲ ಉತ್ತು ಹದಮಾಡಿ ಇಡುತ್ತಾನೆ. ಮಳೆ ಬರುತ್ತದೆಂದು ನಂಬಿರುವುದಕ್ಕೆ ಗುರುತು ಆ ಉಳುಮೆ. ಹಾಗೆಯೇ ದೇವರ ರಾಜ್ಯವನ್ನು ಮನುಷ್ಯರು ಕಟ್ಟಲಾರರು, ಅದು ಬರುತ್ತದೆಂದು ನಂಬಿದವರು ಕೈಕಟ್ಟಿ ಕೂರಲೂ ಆಗದು.

ಪುಸ್ತಕಕ್ಕೆ ಸಿಕ್ಕ ಸ್ವಾಗತ ಅಪಾರ. ಆ ಕಾಲವೂ ಅಂಥದ್ದು, ಎಲ್ಲ ಕಡೆ ಏನೋ ಬದಲಾಗುವ ಹುರುಪು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ದೊಡ್ಡ ದಾಖಲೆಯ ಲ್ಯಾಟಿನ್ ಹೆಸರೇ ಸಂತೋಷ ಮತ್ತು ನಿರೀಕ್ಷೆ ಎಂಬ ಪದಗಳಿಂದ ಬಂದದ್ದು. ಇನ್ನೊಬ್ಬ ಜರ್ಮನ್ ದೈವಶಾಸ್ತ್ರಜ್ಞ ವುಲ್ಫ್‌ಹಾರ್ಟ್ ಪನೆನ್‌ಬರ್ಗ್ ಬೇರೆ ದಾರಿಯಲ್ಲಿ, ಹೆಚ್ಚು ತರ್ಕಬದ್ಧವಾಗಿ, ಇತಿಹಾಸದ ಅರ್ಥ ಅದರ ಕೊನೆಯಿಂದಲೇ ತಿಳಿಯುತ್ತದೆ ಎನ್ನುತ್ತಿದ್ದರು. 1968ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ನಿರೀಕ್ಷೆಯ ದೈವಶಾಸ್ತ್ರವನ್ನು ಮುಖಪುಟದ ಸುದ್ದಿ ಮಾಡಿತು. ದೈವಶಾಸ್ತ್ರಕ್ಕೆ ಮುಖಪುಟದಲ್ಲಿ ಜಾಗ ಸಿಕ್ಕಾಗ ಸ್ವಲ್ಪ ಹುಷಾರಾಗಿರಬೇಕು ಎಂದು ನನ್ನ ಭಾವನೆ.

ಮುಂದಿನ ತಿಂಗಳೇ ಅದಕ್ಕೆ ಪೆಟ್ಟು ಬಿತ್ತು. 1968ರ ಏಪ್ರಿಲ್ 4. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೋಲ್ಟ್‌ಮನ್ ಅವರ ಚಿಂತನೆಯ ಮೇಲೆ ಚರ್ಚೆ ನಡೆದಿತ್ತು. ಅಮೆರಿಕನ್ ದೈವಶಾಸ್ತ್ರಜ್ಞ ಹಾರ್ವೆ ಕಾಕ್ಸ್ ಒಳಗೆ ಓಡಿಬಂದು, ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಗುಂಡು ಹಾರಿಸಿದ್ದಾರೆ ಎಂದು ಕೂಗಿದರು. ಸಭೆ ಅಲ್ಲಿಗೇ ಮುರಿಯಿತು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ದಿನಗಟ್ಟಲೆ ಹೊರಗೆ ಕೂತು ಶೋಕಾಚರಣೆ ಮಾಡಿದರು. ಅಮೆರಿಕನ್ ಗೆಳೆಯರಿಗೆ ಮೋಲ್ಟ್‌ಮನ್ ಹೇಳಿ ಹೊರಟರು, ಇನ್ನೊಮ್ಮೆ ಬಂದರೆ ನಿರೀಕ್ಷೆಯ ಬಗ್ಗೆ ಅಲ್ಲ, ಶಿಲುಬೆಯ ಬಗ್ಗೆ ಮಾತಾಡುತ್ತೇನೆ ಎಂದು. ಗೆಲುವಿನ ನಗೆಯಲ್ಲಿದ್ದ ಒಂದು ಸಮಾಜ ತಮ್ಮ ಪುಸ್ತಕವನ್ನು ತನ್ನ ಆಶಾವಾದಕ್ಕೆ ಬೆನ್ನು ತಟ್ಟುವ ಮಾತು ಎಂದು ಓದಿಕೊಳ್ಳುತ್ತಿದೆ ಎಂಬುದು ಅವರಿಗೆ ಅರಿವಾಗಿತ್ತು.

ಹೀಗೆ 1972ರಲ್ಲಿ ಬಂದದ್ದು 'ಶಿಲುಬೆಗೇರಿದ ದೇವರು'. ಇದೇ ಅವರ ದೊಡ್ಡ ಕೃತಿ ಎಂಬುದು ನನ್ನ ಅಭಿಪ್ರಾಯ. ದೇವರಿಗೆ ನೋವು ತಟ್ಟದು ಎಂಬ ಗ್ರೀಕ್ ಮೂಲದ ಹಳೆಯ ಸಿದ್ಧಾಂತವನ್ನು ಅದು ಮುಖಾಮುಖಿಯಾಗಿ ಎದುರಿಸುತ್ತದೆ. ಮಗ ಕೈಬಿಡಲ್ಪಟ್ಟು ಸಾಯುತ್ತಾನೆ, ತಂದೆ ಮಗನ ಸಾವನ್ನು ಅನುಭವಿಸುತ್ತಾನೆ. ನೋವು ದೇವರ ಒಳಗೇ ಇದೆ. ಆಶ್‌ವಿಟ್ಜ್ ಆದ ಮೇಲೆ ನೋವರಿಯದ ದೇವರ ಬಗ್ಗೆ ಮಾತಾಡುವುದು ಅವರಿಗೆ ಸಾಧ್ಯವಿರಲಿಲ್ಲ. ಜರ್ಮನ್ ದೈವಶಾಸ್ತ್ರಜ್ಞೆ ಡೊರೊಥೆ ಜೋಲೆ ಇದನ್ನು ಕಟುವಾಗಿ ಟೀಕಿಸಿದರು: ಮಗನನ್ನು ಸಾವಿಗೆ ಒಪ್ಪಿಸುವ ತಂದೆ ಕೊಲೆಗಾರರ ಕಡೆ ನಿಂತಂತೆ ಆಗಲಿಲ್ಲವೇ? ಪ್ರಶ್ನೆ ಇವತ್ತಿಗೂ ತೀರಿಲ್ಲ. ಆದರೆ ನಿರೀಕ್ಷೆಯ ಬಗ್ಗೆ ಓದುವವರು 1964ರ ಪುಸ್ತಕಕ್ಕೇ ನಿಲ್ಲಿಸಿ 1972ರದನ್ನು ಬಿಟ್ಟರೆ ಅರ್ಧ ಮಾತ್ರ ಓದಿದಂತೆ.

ಕ್ಯಾಥೊಲಿಕ್ ಕಡೆಯಿಂದ ಇದಕ್ಕೆ ಜೊತೆ ನಿಂತವರು ಯೋಹಾನ್ ಬ್ಯಾಪ್ಟಿಸ್ಟ್ ಮೆಟ್ಸ್. ಅವರೂ ಯುದ್ಧದ ಹುಡುಗನೇ. ಯುದ್ಧದ ಕೊನೆಯಲ್ಲಿ 16ರ ವಯಸ್ಸಿನಲ್ಲಿ ಸೈನ್ಯಕ್ಕೆ ಸೇರಿಸಿದರು. ಒಂದು ಸಂಜೆ ಹಿಂದಿನ ಠಾಣ್ಯಕ್ಕೆ ಸಂದೇಶ ಕೊಟ್ಟು ಬಾ ಎಂದು ಕಳಿಸಿದರು, ಬೆಳಿಗ್ಗೆ ಮರಳಿದರೆ ಇಡೀ ತುಕಡಿ ಸತ್ತು ಬಿದ್ದಿತ್ತು; ಹೆಚ್ಚಿನವರು ಅವರ ವಯಸ್ಸಿನ ಹುಡುಗರೇ. ಮೆಟ್ಸ್ ಕೇಳಿದ ಪ್ರಶ್ನೆ ನನಗೆ ಈ ಇಡೀ ಚರ್ಚೆಯ ಅತಿ ಮುಖ್ಯ ಪ್ರಶ್ನೆ. ಮುಂದೆ ಒಂದು ದಿನ ನ್ಯಾಯದ ಸಮಾಜ ಬರುತ್ತದೆ ಎನ್ನೋಣ. ಅದು ಬರುವ ಮೊದಲೇ ತುಳಿಸಿಕೊಂಡು ಸತ್ತವರ ಗತಿ ಏನು? ಪ್ರಗತಿಯನ್ನು ನಂಬುವ ಯಾವ ಸಿದ್ಧಾಂತಕ್ಕೂ ಇದಕ್ಕೆ ಉತ್ತರವಿಲ್ಲ. ಅವರೆಲ್ಲ ಮೊಮ್ಮಕ್ಕಳ ಸುಖಕ್ಕೆ ಗೊಬ್ಬರವಾದರು ಎನ್ನಬೇಕಾಗುತ್ತದೆ. ಸತ್ತವರೂ ಏಳುತ್ತಾರೆ ಎಂಬ ನಿರೀಕ್ಷೆ ಮಾತ್ರ ಅವರನ್ನು ಲೆಕ್ಕದಿಂದ ಬಿಡುವುದಿಲ್ಲ. ಅದಕ್ಕಾಗಿಯೇ ಮೆಟ್ಸ್ ನಿರೀಕ್ಷೆಯ ಜೊತೆಗೆ ನೆನಪನ್ನು ಕಟ್ಟಿದರು. ಯೇಸುವಿನ ಯಾತನೆಯ ನೆನಪು ಆಳುವವರಿಗೆ ಅಪಾಯಕಾರಿ ನೆನಪು ಎಂದರು. ಈಗ ಸಮಾಧಿ ಕಲ್ಲಿನ ಆ ಸಾಲನ್ನು ಬೇರೆ ಕಣ್ಣಿನಿಂದ ಓದಬಹುದಲ್ಲವೇ?

ಪೋಪ್ ಬೆನೆಡಿಕ್ಟ್ ಅವರು 2007ರಲ್ಲಿ ನಿರೀಕ್ಷೆಯ ಕುರಿತೇ ಹೊರಡಿಸಿದ ವಿಶ್ವಪತ್ರ ಇಲ್ಲಿಗೆ ಹತ್ತಿರ ಬರುತ್ತದೆ. ಅದು ಶುರುವಿನಲ್ಲೇ ಎತ್ತಿಕೊಳ್ಳುವ ಉದಾಹರಣೆ ಸೂಡಾನಿನಲ್ಲಿ ಗುಲಾಮಳಾಗಿ ಮಾರಲ್ಪಟ್ಟು, ಇಟಲಿ ಸೇರಿ, ಮುಂದೆ ಸಂತಳಾದ ಜೋಸೆಫೀನ್ ಬಖೀಟಾ. ನಾಸ್ತಿಕ ಚಿಂತಕ ಅಡೋರ್ನೊ ಅವರನ್ನು ಎಳೆದುತಂದು, ನಿಜವಾದ ನ್ಯಾಯವೆಂದರೆ ಹಿಂದೆ ಆಗಿಹೋದ ಅನ್ಯಾಯವೂ ಸರಿಹೋಗಬೇಕು ಎಂಬ ಅವರ ಮಾತನ್ನು ಅದು ಚರ್ಚಿಸುತ್ತದೆ. ಕೊನೆಯ ನ್ಯಾಯತೀರ್ಪು ಹೆದರಿಸುವ ಚಿತ್ರವಾಗುವ ಮೊದಲು ನೊಂದವರ ನಿರೀಕ್ಷೆ ಎಂಬ ನಿಲುವು ಅದರದು. 2025ನ್ನು ಕ್ಯಾಥೊಲಿಕ್ ಸಭೆ 'ನಿರೀಕ್ಷೆಯ ಯಾತ್ರಿಕರು' ಎಂಬ ಹೆಸರಿನ ಜೂಬಿಲಿ ವರ್ಷವಾಗಿ ಆಚರಿಸಿತು.

ಯುರೋಪಿನ ಹೊರಗೆ ಏನಾಯಿತು? ಅಲ್ಲಿ ಮಾತು ಇನ್ನೂ ಖಾರವಾಯಿತು. ಬ್ರೆಜಿಲಿನ ರೂಬೆಂ ಆಲ್ವೆಸ್ 1969ರಲ್ಲೇ ಮೋಲ್ಟ್‌ಮನ್ ಅವರನ್ನು ಹಿಡಿದು ಕೇಳಿದರು: ನಿರೀಕ್ಷೆ ಪೂರ್ತಿ ಮೇಲಿನ ವಾಗ್ದಾನದಿಂದಲೇ ಇಳಿದು ಬರುವುದಾದರೆ, ನೆಲದ ಮೇಲೆ ಈಗ ನರಳುತ್ತ, ಹೋರಾಡುತ್ತ ಇರುವವರಿಗೆ ಅದರಲ್ಲಿ ಪಾಲೇನು? ಪೆರುವಿನ ಗುಸ್ತಾವೊ ಗುಟಿಯೆರೆಸ್ 1971ರ ತಮ್ಮ 'ವಿಮೋಚನೆಯ ದೈವಶಾಸ್ತ್ರ'ದಲ್ಲಿ ಮೋಲ್ಟ್‌ಮನ್ ಅವರಿಂದ ಕಲಿತದ್ದನ್ನು ಒಪ್ಪಿಕೊಂಡೇ, ಅವರ ಮಾತಿಗೆ ಜನರ ದಿನದ ಬದುಕಿನ ಮಣ್ಣು ಸಾಕಷ್ಟು ಅಂಟಿಲ್ಲ ಎಂದರು. ಟೀಕೆಯಲ್ಲಿ ಹುರುಳಿದೆ, 1964ರ ಪುಸ್ತಕ ಓದಿದವರಿಗೆ ಅದರಲ್ಲಿ ಹಸಿದವರ ಹೆಸರುಗಳು ಸಿಗುವುದಿಲ್ಲ. ಮೋಲ್ಟ್‌ಮನ್‌ಗೆ ಬೇಸರವೂ ಆಯಿತು, 1976ರಲ್ಲಿ ಅರ್ಜೆಂಟೀನಾದ ಹೊಸೆ ಮಿಗೆಸ್ ಬೊನಿನೊ ಅವರಿಗೆ ಬಹಿರಂಗ ಪತ್ರ ಬರೆದು ತಿರುಗಿ ವಾದಿಸಿದರು.

ಆದರೆ ವಾದ ಒಂದು ಕಡೆ ಇರಲಿ, ಎಲ್ ಸಾಲ್ವಡಾರಿನ ಸಂಗತಿ ಕೇಳಿ. 1989ರ ನವೆಂಬರ್ 16ರಂದು ಸೈನಿಕರು ಸಾನ್ ಸಾಲ್ವಡಾರಿನ ವಿಶ್ವವಿದ್ಯಾಲಯಕ್ಕೆ ನುಗ್ಗಿ ಆರು ಯೇಸುಸಭೆಯ ಪಾದ್ರಿಗಳನ್ನು, ಅಡುಗೆಯಾಕೆಯನ್ನು, ಆಕೆಯ ಮಗಳನ್ನು ಕೊಂದರು. ಒಂದು ಶವವನ್ನು ಎಳೆದು ಹಾಕಿದ್ದು ಆಗ ಊರಲ್ಲಿಲ್ಲದ ಇನ್ನೊಬ್ಬ ಪಾದ್ರಿ ಹೊನ್ ಸೊಬ್ರಿನೊ ಅವರ ಕೋಣೆಗೆ. ಕಪಾಟಿನಿಂದ ಒಂದು ಪುಸ್ತಕ ಆ ರಕ್ತದಲ್ಲಿ ಬಿದ್ದು ನೆನೆದಿತ್ತು. ಅದು 'ಶಿಲುಬೆಗೇರಿದ ದೇವರು' ಪುಸ್ತಕದ ಸ್ಪ್ಯಾನಿಷ್ ಪ್ರತಿ. ಮೋಲ್ಟ್‌ಮನ್ ಮುಂದೆ ಆ ಜಾಗಕ್ಕೆ ಯಾತ್ರೆ ಹೋದರು, ಪುಸ್ತಕವನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಒಂದು ಪುಟವಿದೆ. 1978ರ ಆಗಸ್ಟ್‌ನಲ್ಲಿ ಜಾಗತಿಕ ಸಭೆಗಳ ಒಕ್ಕೂಟದ ನಂಬಿಕೆ ಮತ್ತು ಶಿಸ್ತಿನ ಆಯೋಗ ಇಲ್ಲಿ ಸೇರಿತ್ತು. ಪ್ರಾಟೆಸ್ಟೆಂಟ್, ಆರ್ಥೊಡಾಕ್ಸ್, ಕ್ಯಾಥೊಲಿಕ್ ವಿದ್ವಾಂಸರು ಒಟ್ಟಿಗೆ ಕೂತು ನಿರೀಕ್ಷೆಯ ಬಗ್ಗೆ ಒಂದು ಸಮಾನ ಹೇಳಿಕೆ ಒಪ್ಪಿದರು. ಸಾವಿರ ವರ್ಷದಿಂದ ಬೇರೆಯಾದವರು ಒಂದೇ ದನಿಯಲ್ಲಿ ಮಾತಾಡಲು ಆರಿಸಿಕೊಂಡ ವಿಷಯ ಇದು. ಒಬ್ಬರ ನಿರೀಕ್ಷೆ ಇನ್ನೊಬ್ಬರ ನಿರೀಕ್ಷೆಗೆ ಡಿಕ್ಕಿ ಹೊಡೆಯುತ್ತದೆ ಎಂದು ಆ ಹೇಳಿಕೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಕೊನೆಯಲ್ಲಿ ನಿರೀಕ್ಷೆಯಿಂದ ಬದುಕುವುದೆಂದರೆ ಅಪಾಯಕ್ಕೆ ಒಡ್ಡಿಕೊಳ್ಳುವುದು ಎನ್ನುತ್ತದೆ, ನಗೆಪಾಟಲಾಗುವ ಅಪಾಯದಿಂದ ಹಿಡಿದು ಸಾವಿನ ಅಪಾಯದವರೆಗೆ. ಮೂರು ವರ್ಷಗಳ ನಂತರ, 1981ರಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಕೊಟ್ಟ ಒಂದು ಉಪನ್ಯಾಸದಿಂದ ದಲಿತ ದೈವಶಾಸ್ತ್ರ ಎಂದು ಇಂದು ಕರೆಯುವ ಧಾರೆ ಹರಿಯಿತು. ನಿರ್ಮಲ್ ವಿಮೋಚನೆಯ ಕಥೆಯನ್ನು ದಲಿತರ ಕಥೆಯಾಗಿ ಓದಿದರು. ಆದರೆ ವಾಗ್ದಾನದ ನಾಡು ಸಿಗುವುದಕ್ಕಿಂತ ಮನುಷ್ಯರಾಗಿ ತಲೆಯೆತ್ತುವುದು ಮುಖ್ಯ ಎಂದರು. ದೇವರನ್ನು ಅರಿಯುವುದು ಮೊದಲು ನೋವಿನಲ್ಲಿ, ಕೆಲಸದ ಮಾತು ಆಮೇಲೆ ಎಂದರು. ನಿರೀಕ್ಷೆಯನ್ನು ಅವಸರದಲ್ಲಿ ಆಡಬಾರದು ಎಂಬ ಎಚ್ಚರ ಅದರಲ್ಲಿದೆ.

ಆ ಎಚ್ಚರವನ್ನು ಕೊನೆಯವರೆಗೆ ಎಳೆದವರು ಕ್ಯೂಬಾ ಮೂಲದ ಮಿಗೆಲ್ ಡೆ ಲಾ ಟೊರೆ. 2017ರ ತಮ್ಮ ಪುಸ್ತಕದಲ್ಲಿ ಅವರು ನಿರೀಕ್ಷೆಯನ್ನೇ ಬಿಡಬೇಕೆನ್ನುತ್ತಾರೆ. ಮಧ್ಯಮ ವರ್ಗದವರಿಗೆ ಅದು ಒಂದು ಸವಲತ್ತು, ಬಡವರನ್ನು ಕಾಯಿಸುವುದಕ್ಕೆ ಒಂದು ಉಪಾಯ. ಕಳೆದುಕೊಳ್ಳಲು ಏನೂ ಇಲ್ಲ ಎಂದು ಗೊತ್ತಾದವರೇ ನಿಜವಾಗಿ ಎದ್ದು ನಿಲ್ಲುತ್ತಾರೆ ಎಂಬುದು ಅವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ಯಾವ ವಾಗ್ದಾನವೂ ಇಲ್ಲದೆ ಎದ್ದ ಜನ ಬಹಳ ಕಾಲ ಎದ್ದು ನಿಂತದ್ದು ಕಡಿಮೆ ಎಂದು ನನ್ನ ತಿಳಿವಳಿಕೆ. ಆದರೆ ನಿರೀಕ್ಷೆಯ ಬಗ್ಗೆ ಪ್ರವಚನ ಮಾಡುವವರೆಲ್ಲ ಒಮ್ಮೆ ಈ ಪುಸ್ತಕದ ಮುಂದೆ ಕೂರಬೇಕು.

ಇನ್ನೊಂದೇ ಮಾತು. 1985ರ 'ಸೃಷ್ಟಿಯಲ್ಲಿ ದೇವರು' ಕೃತಿಯಿಂದ ಮೋಲ್ಟ್‌ಮನ್ ಈ ನಿರೀಕ್ಷೆಯೊಳಗೆ ಭೂಮಿಯನ್ನೂ ತಂದರು. ಬರುವ ರಾಜ್ಯ ಮನುಷ್ಯಾತ್ಮಗಳಿಗಷ್ಟೇ ಆದರೆ ನದಿ, ಕಾಡು, ಪ್ರಾಣಿಗಳೆಲ್ಲ ಬಳಸಿ ಬಿಸಾಡುವ ವಸ್ತುಗಳಾಗುತ್ತವೆ. ಪೌಲನೋ ಇಡೀ ಸೃಷ್ಟಿಯೇ ಹೆರಿಗೆ ನೋವಿನಲ್ಲಿ ನರಳುತ್ತಿದೆ ಎಂದು ಬರೆದಿದ್ದ. ಮೋಲ್ಟ್‌ಮನ್ 2024ರ ಜೂನ್ 3ರಂದು, 98ನೆಯ ವಯಸ್ಸಿನಲ್ಲಿ, ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗುಟಿಯೆರೆಸ್ ಹೋದರು.

ಹೊಸಬರು ಎಲ್ಲಿಂದ ಶುರುಮಾಡಬೇಕು? 1964ರ ಪುಸ್ತಕವನ್ನು ಮೊದಲೇ ಎತ್ತಿಕೊಳ್ಳಬೇಡಿ, ಅದು ಬಾರ್ತ್, ಬುಲ್ಟ್‌ಮನ್, ಕಾಂಟ್ ಇವರೆಲ್ಲರ ಜೊತೆಗಿನ ತಕರಾರು, ಮೂವತ್ತು ಪುಟಕ್ಕೆ ಮುಚ್ಚಿಡುತ್ತೀರಿ. ಮೋಲ್ಟ್‌ಮನ್ ತಮ್ಮ ಸೆರೆಯ ದಿನಗಳನ್ನು ಹೇಳಿಕೊಂಡಿರುವ ಆತ್ಮಕಥೆಯ ಮೊದಲ ಅಧ್ಯಾಯಗಳು ಇಂಗ್ಲಿಷಿನಲ್ಲಿ ಸಿಗುತ್ತವೆ, ಅವು ಸುಲಭ. ಅದಕ್ಕೂ ಮೊದಲು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯವನ್ನು ಕನ್ನಡದಲ್ಲಿ, ಗಟ್ಟಿಯಾಗಿ, ಒಂದೇ ಸಲಕ್ಕೆ ಓದಿ. ಒಟ್ಟು 39 ವಚನ, ಹತ್ತು ನಿಮಿಷ ಸಾಕು.